ಹಳೆಯ ಕಾರಿಗೆ ಹೊಸ ಜೀವ

ಬೆಂಗಳೂರಿನಿಂದ ತುಮಕೂರಿಗೆ ಬರುವವರು ಕ್ಯಾತ್ಸಂದ್ರವನ್ನು ದಾಟಿ ಸ್ವಲ್ಪ ಮುಂದೆ ಬಂದರೆ ಬಟವಾಡಿ ಸಿಕ್ಕುತ್ತದೆ. ಅಲ್ಲಿನ ಕೃಷಿ ಉತ್ಪನ್ನ ಮಾರುಕಟ್ಟೆಯ ಪ್ರಾಂಗಣಕ್ಕೆ ಸರಕು ತರುವ ಲಾರಿಗಳು, ಊರೊಳಕ್ಕೆ ಬರುವ ಬಸ್ಸುಗಳು, ಮಧ್ಯೆ ನುಸುಳುವ ಆಟೋಗಳು—ಹೊತ್ತು ಮೂಡಿದಾಗಿನಿಂದ ಗಾಡಿಗಳ ಸದ್ದು ಅಡಗುವುದೇ ಇಲ್ಲ. ಗಾಡಿಗಳಿರುವಲ್ಲಿ ರಿಪೇರಿಯ ಅಂಗಡಿಗಳೂ ಇರಲೇಬೇಕು. ಅದೇ ರಸ್ತೆಯಲ್ಲಿ, ೧೯೬೩ರಲ್ಲಿ ಸ್ಥಾಪಿತವಾದ ಸಿದ್ಧಗಂಗಾ ತಾಂತ್ರಿಕ ಮಹಾವಿದ್ಯಾಲಯವೂ ಇದೆ. ಒಂದು ಕಡೆ ಪುಸ್ತಕ, ಇನ್ನೊಂದು ಕಡೆ ಪಾನೆ. ಇವೆರಡರ ನಡುವೆ ಓಡಾಡುವ ತರುಣರಿಗೆ ಹಳೆಯ ಕಾರೊಂದನ್ನು ಕೊಂಡು, ತಮ್ಮ ಕೈಯಾರೆ ತಿದ್ದಿ, ತಮಗೆ ಬೇಕಾದಂತೆ ಮಾಡಿಕೊಳ್ಳಬೇಕೆಂಬ ಆಸೆ ಹುಟ್ಟಿದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ.

ಆಸೆ ಒಳ್ಳೆಯದೇ. ಯಂತ್ರಶಾಸ್ತ್ರವನ್ನು ಕಲಿಯಲು ಹಳೆಯ ಕಾರಿಗಿಂತ ಉತ್ತಮವಾದ ಪ್ರಯೋಗಶಾಲೆ ದೊರೆಯುವುದು ಕಷ್ಟ. ಪಾಸ್ಕಲನ ನಿಯಮ, ಓಮನ ನಿಯಮ, ಸನ್ನೆಯ ತತ್ತ್ವ, ಶಾಖದ ಲೆಕ್ಕ, ಲೋಹಗಳ ರಸಾಯನ—ತರಗತಿಯಲ್ಲಿ ಬೇರೆ ಬೇರೆ ಪಾಠಗಳಾಗಿ ಓದಿದ ಇವೆಲ್ಲವೂ ಇಲ್ಲಿ ನಾಲ್ಕು ಗಾಲಿಗಳ ಮೇಲೆ ಒಟ್ಟಿಗೆ ಕುಳಿತಿರುತ್ತವೆ. ಆದರೆ ಪ್ರಯೋಗಶಾಲೆಯ ಪ್ರಯೋಗ ಕೆಟ್ಟರೆ ಗಾಜಿನ ನಳಿಕೆ ಒಡೆಯುತ್ತದೆ; ರಸ್ತೆಯಲ್ಲಿ ಕೆಟ್ಟರೆ ಒಡೆಯುವುದು ಗಾಜಷ್ಟೇ ಅಲ್ಲ. ಆದ್ದರಿಂದ ಕೈಯಲ್ಲಿ ಹಣ ಕಡಮೆ ಇರುವ, ಅನುಭವವೂ ಕಡಮೆ ಇರುವ ವಿದ್ಯಾರ್ಥಿ ಮೊದಲ ರೂಪಾಯಿಯನ್ನು ಎಲ್ಲಿ ಹಾಕಬೇಕು, ಕೊನೆಯ ರೂಪಾಯಿಯನ್ನು ಎಲ್ಲಿ ಹಾಕಬೇಕು ಎಂಬುದನ್ನು ಈ ಲೇಖನದಲ್ಲಿ ವಿವೇಚಿಸೋಣ.

ಯಾವ ಕಾರನ್ನು ಆರಿಸಬೇಕು?

ನಮ್ಮ ದೇಶದಲ್ಲಿ ಮೊದಲ ಪ್ರಯತ್ನಕ್ಕೆ ಒಪ್ಪುವ ಕಾರು ಯಾವುದೆಂದು ಯಾರಾದರೂ ಕೇಳಿದರೆ ನಾವು ಮಾರುತಿ ೮೦೦ ಎಂದು ಹೇಳುತ್ತೇವೆ. ೧೯೮೩ರ ಡಿಸೆಂಬರಿನಲ್ಲಿ ಮೊದಲ ಗಾಡಿ ಗಿರಾಕಿಯ ಕೈಸೇರಿತು. ೨೦೧೪ರ ಜನವರಿಯಲ್ಲಿ ಅದರ ತಯಾರಿಕೆ ನಿಂತಿತು. ಈ ಮೂವತ್ತು ವರ್ಷಗಳಲ್ಲಿ ಅದರ ಒಳರಚನೆಯ ಮುಖ್ಯ ತತ್ತ್ವ ಬದಲಾಗಲಿಲ್ಲ. ಮೂರು ಸಿಲಿಂಡರುಗಳ, ೭೯೬ ಘನ ಸೆಂಟಿಮೀಟರು ಗಾತ್ರದ ಪುಟ್ಟ ಇಂಜಿನು. ಮುಂದಿನ ಗಾಲಿಗಳಿಗೆ ಶಕ್ತಿ. ಸುಮಾರು ೬೫೦ ಕಿಲೋಗ್ರಾಂ ತೂಕ. ಬಿಡಿಭಾಗಗಳು ಸಣ್ಣ ಊರುಗಳಲ್ಲಿಯೂ ಸಿಕ್ಕುತ್ತವೆ. ಸಿಕ್ಕದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳು ಎಪ್ಪತ್ತು ಕಿಲೋಮೀಟರಿನ ದಾರಿ. ಇದನ್ನು ಬಿಚ್ಚಿ ಕೂಡಿಸಬಲ್ಲ ಕುಶಲಿಗಳು ಎಲ್ಲೆಡೆಯೂ ಇದ್ದಾರೆ. ಕಡಮೆ ಹಣದವನಿಗೆ ಬೇಕಾದುದು ಅಪರೂಪದ ಕಾರಲ್ಲ, ಎಲ್ಲರಿಗೂ ತಿಳಿದಿರುವ ಕಾರು.

ಕೊಳ್ಳುವಾಗ ಇಂಜಿನಿನ ಸದ್ದಿಗೆ ಮನಸೋಲುವವರೇ ಹೆಚ್ಚು. ಆದರೆ ಇಂಜಿನನ್ನು ರಿಪೇರಿ ಮಾಡಬಹುದು; ಮೈಯೇ ತುಕ್ಕು ಹಿಡಿದಿದ್ದರೆ ಅದನ್ನು ಸರಿಪಡಿಸಲು ತಗಲುವ ವೆಚ್ಚ ಕಾರಿನ ಬೆಲೆಯನ್ನೂ ಮೀರೀತು. ತುಕ್ಕು ಎಂದರೆ ಕಬ್ಬಿಣವು ಗಾಳಿಯ ಆಮ್ಲಜನಕದೊಡನೆಯೂ ನೀರಿನೊಡನೆಯೂ ಸಂಯೋಗ ಹೊಂದಿ ಆದ ವಸ್ತು. ಇದು ಮೂಲ ಕಬ್ಬಿಣದ ಎರಡರಷ್ಟಕ್ಕಿಂತಲೂ ಹೆಚ್ಚು ಸ್ಥಳವನ್ನು ಆಕ್ರಮಿಸುತ್ತದೆ. ಆದಕಾರಣವೇ ಬಣ್ಣದ ಕೆಳಗೆ ತುಕ್ಕು ಹುಟ್ಟಿದಾಗ ಬಣ್ಣ ಗುಳ್ಳೆಯಂತೆ ಏಳುವುದು. ಮಾರುವವರು ಇಂಥ ತೂತುಗಳಿಗೆ ಪುಟ್ಟಿ ಮೆತ್ತಿ ಮೇಲೆ ಬಣ್ಣ ಬಳಿದಿರುವುದುಂಟು. ಇದನ್ನು ಕಂಡುಹಿಡಿಯಲು ಒಂದು ಸುಲಭೋಪಾಯವಿದೆ. ಸಣ್ಣದೊಂದು ಅಯಸ್ಕಾಂತವನ್ನು ತೆಳುವಾದ ಬಟ್ಟೆಯಲ್ಲಿ ಸುತ್ತಿ ಕಾರಿನ ಮೈಮೇಲೆ ಮೆಲ್ಲನೆ ಸರಿಸುತ್ತ ಹೋಗಬೇಕು. ತಗಡಿರುವಲ್ಲಿ ಅದು ಅಂಟಿಕೊಳ್ಳುತ್ತದೆ; ಪುಟ್ಟಿಯ ದಪ್ಪ ಪದರವಿರುವಲ್ಲಿ ಜಾರಿ ಬೀಳುತ್ತದೆ. ಕಾಲಿಡುವ ನೆಲದ ತಗಡು, ಬಾಗಿಲ ಕೆಳಗಿನ ಅಂಚು, ಸ್ಪ್ರಿಂಗುಗಳು ಮೈಗೆ ಕೂಡುವ ಸ್ಥಳ—ಈ ಮೂರನ್ನೂ ತಪ್ಪದೆ ನೋಡತಕ್ಕದ್ದು. ಸ್ಪ್ರಿಂಗಿನ ಬುಡವೇ ಕೊಳೆತಿದ್ದರೆ ಎಷ್ಟು ಅಗ್ಗವಾದರೂ ಆ ಕಾರು ಬೇಡ.

ಹಣದ ವಿಷಯದಲ್ಲಿ ನಾವು ಹೇಳುವ ಸೂತ್ರ ಇಷ್ಟೆ. ಇರುವ ಹಣವನ್ನು ಮೂರು ಪಾಲು ಮಾಡಿ. ಒಂದು ಪಾಲಿನಲ್ಲಿ ಕಾರನ್ನು ಕೊಳ್ಳಿ. ಎರಡನೆಯ ಪಾಲಿನಲ್ಲಿ ಅದು ಹೊಸದಾಗಿದ್ದಾಗ ಹೇಗಿತ್ತೋ ಹಾಗೆ ಮಾಡಿ. ಮೂರನೆಯ ಪಾಲಿನಲ್ಲಿ ಮಾತ್ರ ಅದಕ್ಕಿಂತ ಉತ್ತಮಗೊಳಿಸುವ ಯೋಚನೆ ಮಾಡಿ. ಇರುವುದೆಲ್ಲವನ್ನೂ ಕೊಳ್ಳುವುದಕ್ಕೇ ಸುರಿದವನ ಕಾರು ಮನೆಯ ಮುಂದೆ ಇಟ್ಟಿಗೆಗಳ ಮೇಲೆ ನಿಲ್ಲುತ್ತದೆ.

ಕಾನೂನು ಏನು ಹೇಳುತ್ತದೆ?

ಉಪಕರಣಗಳ ಪೆಟ್ಟಿಗೆಯನ್ನು ತೆರೆಯುವ ಮೊದಲು ಕಾಗದಪತ್ರಗಳನ್ನು ತೆರೆಯಬೇಕು. ೧೯೮೮ರ ಮೋಟಾರು ವಾಹನಗಳ ಅಧಿನಿಯಮದ ೫೨ನೆಯ ಪ್ರಕರಣದಂತೆ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕನು ಮೊದಲು ನಿರ್ದೇಶಿಸಿದ ವಿವರಗಳಿಂದ ಬೇರೆಯಾಗುವಂತೆ ಯಾವ ಮಾಲೀಕನೂ ತನ್ನ ವಾಹನವನ್ನು ಮಾರ್ಪಡಿಸಕೂಡದು. ಸರ್ವೋಚ್ಚ ನ್ಯಾಯಾಲಯವು ೨೦೧೯ರ ಜನವರಿಯಲ್ಲಿ ಕೊಟ್ಟ ತೀರ್ಪಿನಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ, ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಟಿಗೂ ೫,೦೦೦ ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆವಾಸ ಅಥವಾ ಎರಡೂ ಎಂದು ವಿಧಿಸಲಾಯಿತು. ಬೇರೊಂದು ಇಂಜಿನನ್ನು ಕೂಡಿಸಬೇಕಾದರೆ ಮುಂಚಿತವಾಗಿ ಅನುಮತಿ ಬೇಕು. ಬಣ್ಣವನ್ನು ಬದಲಾಯಿಸಿದರೆ ನೋಂದಣಿ ಪತ್ರದಲ್ಲಿ ದಾಖಲೆಯಾಗಬೇಕು. ಖಾಸಗಿ ಕಾರಿನ ನೋಂದಣಿ ೧೫ ವರ್ಷಗಳಿಗೆ ಮಾತ್ರ. ಆಮೇಲೆ ಗಾಡಿಯನ್ನು ತೋರಿಸಿ, ಅದು ಯೋಗ್ಯವೆಂದು ಒಪ್ಪಿಸಿ, ಐದೈದು ವರ್ಷಗಳಿಗೆ ನವೀಕರಿಸಿಕೊಳ್ಳಬೇಕು. ತುಮಕೂರಿನ ಕೆ.ಎ. ೦೬ ಎಂಬ ಫಲಕ ಹೊತ್ತ ಹಳೆಯ ಕಾರನ್ನು ಕೊಳ್ಳುವವನು, ಚಾಸಿಯ ಮೇಲೆ ಕೊರೆದ ಅಂಕೆಯನ್ನು ನೋಂದಣಿ ಪತ್ರದ ಅಂಕೆಯೊಡನೆ ಒಂದೊಂದಾಗಿ ಹೋಲಿಸಿ ನೋಡುವುದು ಮೊದಲ ಪರೀಕ್ಷೆ.

ಹಾಗಾದರೆ ಮಾಡುವುದಕ್ಕೆ ಉಳಿದಿದ್ದಾದರೂ ಏನು ಎಂದು ಓದುಗರು ಕೇಳಬಹುದು. ಬೇಕಾದಷ್ಟು ಉಳಿದಿದೆ. ಬ್ರೇಕು, ಟೈರು, ಸ್ಪ್ರಿಂಗು, ತಂತಿಗಳು, ಇಂಜಿನಿನ ಹೊಂದಾಣಿಕೆ, ಆಸನ, ಬಣ್ಣ ಇವನ್ನೆಲ್ಲ ಮೂಲದ ಮಟ್ಟಕ್ಕೆ ತರುವುದೇ ಒಂದು ವರ್ಷದ ಕೆಲಸ. ಅಷ್ಟನ್ನು ಮಾಡಿದ ಹಳೆಯ ಕಾರು, ಏನೂ ಮಾಡದೆ ಬರಿಯ ಅಲಂಕಾರ ಹೊತ್ತ ಹತ್ತು ಕಾರುಗಳಿಗಿಂತ ಚೆನ್ನಾಗಿ ಓಡುತ್ತದೆ.

ಮೊದಲ ರೂಪಾಯಿ ಬ್ರೇಕಿಗೆ

ಒಮ್ಮೆ ನಾವು ಗೆಳೆಯರೊಬ್ಬರ ಹಳೆಯ ಕಾರಿನಲ್ಲಿ ದೇವರಾಯನದುರ್ಗಕ್ಕೆ ಹೋಗಿದ್ದೆವು. ಕಾರಿಗೆ ಹೊಸ ಬಣ್ಣವಾಗಿತ್ತು, ಹೊಳೆಯುವ ಗಾಲಿಗಳಿದ್ದುವು, ಊರಿಗೆಲ್ಲ ಕೇಳುವ ಹಾರನ್ನಿತ್ತು. ಬೆಟ್ಟ ಹತ್ತುವಾಗ ಏನೂ ತೊಂದರೆಯಾಗಲಿಲ್ಲ. ಇಳಿಯುವಾಗ ಗೆಳೆಯರು ಬ್ರೇಕಿನ ಮೇಲೆ ಕಾಲಿಟ್ಟೇ ಬಂದರು. ಅರ್ಧ ದಾರಿಯಲ್ಲಿ ಪೆಡಲು ಹತ್ತಿಯ ಮೂಟೆಯಂತೆ ಮೆತ್ತಗಾಯಿತು. ಇನ್ನೊಂದು ತಿರುವಿನಲ್ಲಿ ನೆಲಕ್ಕೇ ಹೋಯಿತು. ಕೆಳಗಿನ ಗೇರಿಗೆ ಹಾಕಿ, ಕೈಬ್ರೇಕನ್ನು ಮೆಲ್ಲಮೆಲ್ಲನೆ ಎಳೆದು, ಬೆಟ್ಟದ ಬದಿಯ ಮಣ್ಣಿಗೆ ಒರಗಿಸಿ ನಿಲ್ಲಿಸಿದೆವು. ಯಾರಿಗೂ ಏನೂ ಆಗಲಿಲ್ಲ. ಅರ್ಧ ಗಂಟೆಯ ಮೇಲೆ ಪೆಡಲು ತಾನಾಗಿಯೇ ಗಟ್ಟಿಯಾಯಿತು! ಗೆಳೆಯರಿಗೆ ಇದೊಂದು ಪವಾಡದಂತೆ ಕಂಡಿತು. ಆದರೆ ಇದರಲ್ಲಿ ಪವಾಡವೇನೂ ಇಲ್ಲ. ಹೇಗೆಂಬುದನ್ನು ನೋಡೋಣ.

ಚಲಿಸುವ ಕಾರಿನಲ್ಲಿ ಚಲನಶಕ್ತಿ ಇರುತ್ತದೆ. ಇದು ತೂಕದೊಡನೆ ಸಮಪ್ರಮಾಣದಲ್ಲಿ ಹೆಚ್ಚುತ್ತದೆ. ವೇಗದೊಡನೆಯಾದರೋ ವೇಗದ ವರ್ಗದಂತೆ ಹೆಚ್ಚುತ್ತದೆ. ಒಳಗೆ ಕುಳಿತವರೂ ಸೇರಿ ೭೫೦ ಕಿಲೋಗ್ರಾಂ ಇರುವ ಕಾರು ಗಂಟೆಗೆ ೩೦ ಕಿಲೋಮೀಟರು ವೇಗದಲ್ಲಿದ್ದಾಗ ಅದರ ಶಕ್ತಿ ಸುಮಾರು ೨೬,೦೦೦ ಜೂಲು. ೬೦ ಕಿಲೋಮೀಟರಿನಲ್ಲಿ ಅದು ೧,೦೪,೦೦೦ ಜೂಲು, ಎಂದರೆ ನಾಲ್ಕರಷ್ಟು. ೯೦ ಕಿಲೋಮೀಟರಿನಲ್ಲಿ ೨,೩೪,೦೦೦ ಜೂಲು, ಎಂದರೆ ಒಂಬತ್ತರಷ್ಟು. ಕಾರು ನಿಲ್ಲಬೇಕಾದರೆ ಈ ಶಕ್ತಿಯೆಲ್ಲವೂ ಬ್ರೇಕಿನಲ್ಲಿ ಘರ್ಷಣೆಯಿಂದ ಶಾಖವಾಗಿ ಹೋಗಬೇಕು. ಒಣ ರಸ್ತೆ, ಒಳ್ಳೆಯ ಟೈರು, ಒಳ್ಳೆಯ ಬ್ರೇಕು ಇದ್ದರೆ ೩೦ರ ವೇಗದಿಂದ ನಿಲ್ಲಲು ಸುಮಾರು ೫ ಮೀಟರು ಬೇಕು. ೬೦ರಿಂದ ೨೦ ಮೀಟರು. ೯೦ರಿಂದ ೪೫ ಮೀಟರು. ಅಪಾಯವನ್ನು ಕಂಡು ಕಾಲು ಪೆಡಲಿಗೆ ಹೋಗುವ ಒಂದು ಸೆಕೆಂಡಿನಲ್ಲಿ ಕಾರು ಓಡುವ ದೂರ ಇದಕ್ಕೆ ಕೂಡುತ್ತದೆ: ೬೦ರ ವೇಗದಲ್ಲಿ ಅದು ೧೭ ಮೀಟರು.

ಬೆಟ್ಟದಿಂದ ಇಳಿಯುವಾಗ ಶಕ್ತಿಯ ಲೆಕ್ಕ ಇನ್ನೂ ದೊಡ್ಡದು. ಅದೇ ಕಾರು ೩೦೦ ಮೀಟರು ಎತ್ತರದಿಂದ ಇಳಿಯಿತೆಂದು ಇಟ್ಟುಕೊಳ್ಳೋಣ. ತೂಕ, ಗುರುತ್ವ, ಎತ್ತರ ಮೂರನ್ನೂ ಗುಣಿಸಿದರೆ ಸುಮಾರು ೨೨ ಲಕ್ಷ ಜೂಲು ಬರುತ್ತದೆ. ೬೦ರ ವೇಗದಿಂದ ಇಪ್ಪತ್ತೊಂದು ಬಾರಿ ಎಡೆಬಿಡದೆ ನಿಲ್ಲಿಸಿದಷ್ಟು ಇದು! ಇಷ್ಟು ಶಾಖದಿಂದ ೭ ಲೀಟರು ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಹುದು. ಇಂಜಿನು ಕೆಳಗಿನ ಗೇರಿನಲ್ಲಿದ್ದು ಇದರ ಒಂದು ಭಾಗವನ್ನು ಹೀರಿಕೊಳ್ಳದಿದ್ದರೆ, ಗಾಳಿಯ ಹಾಗೂ ಉರುಳುವಿಕೆಯ ತಡೆಗೆ ಹೋಗುವ ಸ್ವಲ್ಪವನ್ನು ಬಿಟ್ಟು, ಉಳಿದುದೆಲ್ಲವೂ ಅಂಗೈಯಗಲದ ಕೆಲವು ಪಟ್ಟಿಗಳ ಮೇಲೆ ಬೀಳುತ್ತದೆ.

ಈಗ ಬ್ರೇಕಿನ ಎಣ್ಣೆಯ ವಿಚಾರ. ಕಾಲಿನ ಒತ್ತಡವನ್ನು ಗಾಲಿಗೆ ಮುಟ್ಟಿಸುವುದು ನಳಿಕೆಯೊಳಗಿನ ದ್ರವ. ಮುಚ್ಚಿದ ಪಾತ್ರೆಯ ದ್ರವದ ಮೇಲೆ ಹಾಕಿದ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆಂಬ ಪಾಸ್ಕಲನ ನಿಯಮವೇ ಇಲ್ಲಿ ದುಡಿಯುವುದು. ದ್ರವ ಕುಗ್ಗುವುದಿಲ್ಲವಾದ್ದರಿಂದ ಒತ್ತಡ ನಷ್ಟವಾಗದೆ ಮುಟ್ಟುತ್ತದೆ. ಆದರೆ ಈ ದ್ರವಕ್ಕೆ ಒಂದು ದುರ್ಗುಣವುಂಟು: ಅದು ಗಾಳಿಯಲ್ಲಿರುವ ತೇವವನ್ನು ನಿಧಾನವಾಗಿ ಹೀರಿಕೊಳ್ಳುತ್ತದೆ. ಡಾಟ್ ೩ ಎಂಬ ಸಾಮಾನ್ಯ ದರ್ಜೆಯ ದ್ರವ ಹೊಸದಾಗಿದ್ದಾಗ ಕನಿಷ್ಠ ೨೦೫ ಸೆಂಟಿಗ್ರೇಡ್ ಡಿಗ್ರಿಯವರೆಗೆ ಕುದಿಯಕೂಡದು. ತೇವ ಹೀರಿದ ಮೇಲೆ ಈ ಮಿತಿ ೧೪೦ಕ್ಕೆ ಇಳಿಯುತ್ತದೆ. ಡಾಟ್ ೪ರಲ್ಲಿ ಈ ಅಂಕೆಗಳು ೨೩೦ ಮತ್ತು ೧೫೫. ಎಣ್ಣೆ ಕುದಿದರೆ ನಳಿಕೆಯಲ್ಲಿ ಆವಿಯ ಗುಳ್ಳೆಗಳಾಗುತ್ತವೆ. ಆವಿ ಕುಗ್ಗುತ್ತದೆ, ಕಾಲಿನ ಒತ್ತಡವೆಲ್ಲವೂ ಗುಳ್ಳೆಗಳನ್ನು ಕುಗ್ಗಿಸುವುದರಲ್ಲೇ ಮುಗಿದುಹೋಗುತ್ತದೆ. ತಣ್ಣಗಾದಾಗ ಆವಿ ಮತ್ತೆ ದ್ರವವಾಗಿ ಪೆಡಲು ಗಟ್ಟಿಯಾಗುತ್ತದೆ. ನಮ್ಮ ಗೆಳೆಯರ ಪವಾಡ ಇಷ್ಟೆ. ಆ ಕಾರಿನ ಎಣ್ಣೆಯನ್ನು ಎಷ್ಟೋ ವರ್ಷಗಳಿಂದ ಬದಲಾಯಿಸಿರಲಿಲ್ಲ. ಹೊಳೆಯುವ ಗಾಲಿಗಳಿಗೆ ಸುರಿದ ಹಣದ ಎಳ್ಳಷ್ಟು ಭಾಗ ಸಾಕಾಗಿತ್ತು.

ಆದಕಾರಣ ಮೊದಲ ಕೆಲಸ ಇದು: ಹಳೆಯ ಎಣ್ಣೆಯನ್ನು ಪೂರ್ತಿಯಾಗಿ ತೆಗೆಸಿ ಹೊಸದನ್ನು ತುಂಬಿಸುವುದು, ಎರಡು ವರ್ಷಕ್ಕೊಮ್ಮೆ ಹೀಗೆಯೇ ಮಾಡುವುದು, ಸವೆದ ಪಟ್ಟಿಗಳನ್ನೂ ಬಿರುಕುಬಿಟ್ಟ ರಬ್ಬರು ನಳಿಕೆಗಳನ್ನೂ ಬದಲಾಯಿಸುವುದು. ಈ ಕೆಲಸವನ್ನು ಮೊದಲ ಸಲ ತಾನೇ ಮಾಡಿ ನೋಡುವ ಹುಮ್ಮಸ್ಸು ಬೇಡ. ಬಲ್ಲವರು ಮಾಡುವಾಗ ಪಕ್ಕದಲ್ಲಿ ನಿಂತು ನೋಡಿ, ಕೇಳಿ, ಎರಡನೆಯ ಸಲ ಅವರ ಕಣ್ಣೆದುರಿನಲ್ಲಿ ಮಾಡಿ ಕಲಿಯಬೇಕು.

ಅಂಗೈಯಗಲದ ನೆಲ

ಬ್ರೇಕು ಗಾಲಿಯನ್ನು ನಿಲ್ಲಿಸುತ್ತದೆ. ಕಾರನ್ನು ನಿಲ್ಲಿಸುವುದು ಟೈರು. ನಾಲ್ಕು ಟೈರುಗಳೂ ನೆಲವನ್ನು ಮುಟ್ಟುವ ಭಾಗ ಒಂದೊಂದೂ ಹೆಚ್ಚುಕಡಮೆ ಅಂಗೈಯಷ್ಟೆ. ಕಾರಿಗೂ ಭೂಮಿಗೂ ಇರುವ ಸಂಬಂಧ ಈ ನಾಲ್ಕು ಅಂಗೈಗಳಲ್ಲಿ ಮುಗಿಯುತ್ತದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕೆಗಳ ಒಂದು ಗುರುತಿರುತ್ತದೆ. ಮೊದಲ ಎರಡು ವಾರವನ್ನೂ ಕೊನೆಯ ಎರಡು ವರ್ಷವನ್ನೂ ಸೂಚಿಸುತ್ತವೆ. ೨೩೧೯ ಎಂದಿದ್ದರೆ ಅದು ೨೦೧೯ರ ಇಪ್ಪತ್ತಮೂರನೆಯ ವಾರದಲ್ಲಿ ತಯಾರಾದುದೆಂದು ಅರ್ಥ. ಗೀರುಗಳು ಆಳವಾಗಿದ್ದ ಮಾತ್ರಕ್ಕೆ ಟೈರು ಒಳ್ಳೆಯದೆಂದು ತಿಳಿಯಬಾರದು. ಬಿಸಿಲಿಗೂ ಗಾಳಿಗೂ ರಬ್ಬರು ವರ್ಷ ವರ್ಷಕ್ಕೆ ಗಡುಸಾಗಿ ಹಿಡಿತವನ್ನು ಕಳೆದುಕೊಳ್ಳುತ್ತದೆ. ಗೀರಿನ ಆಳ ೧.೬ ಮಿಲಿಮೀಟರಿಗಿಂತ ಕಡಮೆಯಾದರೆ ಮಳೆಯ ನೀರನ್ನು ಹೊರದೂಡಲು ಅದಕ್ಕೆ ಆಗದು. ಟೈರು ನೀರಿನ ಮೇಲೆ ದೋಣಿಯಂತೆ ತೇಲುತ್ತದೆ.

ಗಾಲಿಯ ಗಾತ್ರವನ್ನು ಹೆಚ್ಚಿಸುವ ಆಸೆ ಬಹಳ ಜನಕ್ಕೆ. ಇದರ ಫಲವೇನೆಂದು ಲೆಕ್ಕ ಹಾಕಿ ನೋಡೋಣ. ೧೪೫/೭೦ ಆರ್ ೧೨ ಎಂಬ ಟೈರಿನಲ್ಲಿ ೧೪೫ ಎಂಬುದು ಮಿಲಿಮೀಟರಿನಲ್ಲಿ ಅಗಲ. ಎತ್ತರ ಆ ಅಗಲದ ನೂರಕ್ಕೆ ೭೦. ೧೨ ಎಂಬುದು ಗಾಲಿಯ ವ್ಯಾಸ, ಅಂಗುಲಗಳಲ್ಲಿ. ಒಟ್ಟು ವ್ಯಾಸ ಸುಮಾರು ೫೦೮ ಮಿಲಿಮೀಟರು. ಇದರ ಬದಲು ೧೫೫/೭೦ ಆರ್ ೧೩ ಎಂಬುದನ್ನು ಹಾಕಿದರೆ ವ್ಯಾಸ ೫೪೭ ಮಿಲಿಮೀಟರಾಗುತ್ತದೆ. ಎಂದರೆ ಶೇಕಡಾ ೮ರ ಸಮೀಪ ಹೆಚ್ಚು. ಈಗ ಮಾಪಕ ೬೦ ಎಂದು ತೋರಿಸುವಾಗ ಕಾರು ನಿಜವಾಗಿ ೬೪ನ್ನು ದಾಟಿ ಓಡುತ್ತಿರುತ್ತದೆ. ಅಷ್ಟೇ ಅಲ್ಲ. ಗಾಲಿಯ ತ್ರಿಜ್ಯವೆಂಬುದು ಒಂದು ಸನ್ನೆಯ ತೋಳು. ತೋಳು ಉದ್ದವಾದಷ್ಟೂ ಇಂಜಿನು ನೆಲವನ್ನು ತಳ್ಳುವ ಬಲವೂ, ಬ್ರೇಕು ತಡೆಯುವ ಬಲವೂ ಶೇಕಡಾ ೭ರಷ್ಟು ಕಡಮೆಯಾಗುತ್ತವೆ. ಹಣ ಕೊಟ್ಟು ಕಾರನ್ನು ನಿಧಾನ ಮಾಡಿಕೊಂಡು, ನಿಲ್ಲುವ ಶಕ್ತಿಯನ್ನೂ ಕುಂದಿಸಿಕೊಂಡಂತಾಯಿತು. ತಯಾರಕರು ಹೇಳಿದ ಗಾತ್ರದಲ್ಲೇ ಹೊಸ ಟೈರುಗಳನ್ನು ಕೊಳ್ಳುವುದು ಇದಕ್ಕಿಂತ ಎಷ್ಟೋ ಮೇಲು.

ಸ್ಪ್ರಿಂಗನ್ನು ಕತ್ತರಿಸಬೇಡಿ

ಕಾರು ನೆಲಕ್ಕೆ ಒರಗಿದಂತೆ ತಗ್ಗಾಗಿದ್ದರೆ ಅಂದವೆಂದು ಕೆಲವರು ಸ್ಪ್ರಿಂಗಿನ ಸುತ್ತುಗಳನ್ನು ಕತ್ತರಿಸಿಬಿಡುತ್ತಾರೆ. ಇದಕ್ಕೆ ತಗಲುವ ಖರ್ಚು ಬಹಳ ಕಡಮೆ. ಆದ್ದರಿಂದಲೇ ಇದು ಅಪಾಯಕರವಾದ ಆಕರ್ಷಣೆ. ಸ್ಪ್ರಿಂಗಿನ ಬಿಗಿ ಅದರ ಸುತ್ತುಗಳ ಸಂಖ್ಯೆಗೆ ವಿಲೋಮವಾಗಿರುತ್ತದೆ. ಆರು ಸುತ್ತುಗಳಲ್ಲಿ ಒಂದೂವರೆಯನ್ನು ಕತ್ತರಿಸಿದರೆ ಉಳಿದ ಸ್ಪ್ರಿಂಗು ಮೂರನೆಯ ಒಂದು ಪಾಲಿನಷ್ಟು ಹೆಚ್ಚು ಬಿಗಿಯಾಗುತ್ತದೆ. ಅದರ ತೂಗಾಟವನ್ನು ತಡೆಯುವ ಷಾಕ್ ಅಬ್ಸಾರ್ಬರು ಮಾತ್ರ ಹಳೆಯ ಬಿಗಿಗೆ ಹೊಂದಿದ್ದು; ಹೊಸದಕ್ಕೆ ಅದು ಸಾಲದು. ಹಳ್ಳಕ್ಕೆ ಬಿದ್ದಾಗ ಗಾಲಿ ಮೇಲೇಳಲು ಬೇಕಾದ ಎಡೆಯೂ ಕಡಮೆಯಾಗಿ ಲೋಹ ಲೋಹಕ್ಕೆ ಬಡಿಯುತ್ತದೆ. ಗಾಲಿ ಕೆಳಗೆ ಜೋತುಬಿದ್ದಾಗ ಗಿಡ್ಡವಾದ ಸ್ಪ್ರಿಂಗು ತನ್ನ ಪೀಠದಿಂದ ಜಾರಿಹೋಗಲೂಬಹುದು. ಮುಂಗಾರಿನ ಮೇಲೆ ನಮ್ಮ ಜಿಲ್ಲೆಯ ಹಳ್ಳಿಯ ರಸ್ತೆಗಳು ಹೇಗಿರುತ್ತವೆಂಬುದನ್ನು ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಸೋರುವ ಷಾಕ್ ಅಬ್ಸಾರ್ಬರುಗಳನ್ನೂ, ಸತ್ತುಹೋದ ರಬ್ಬರು ಬುಷ್ಷುಗಳನ್ನೂ ಬದಲಾಯಿಸಿ ನೋಡಿ. ಹಳೆಯ ಕಾರು ತಿರುವಿನಲ್ಲಿ ಓಲಾಡುವುದನ್ನು ಬಿಟ್ಟು ಹೇಳಿದಂತೆ ಕೇಳುವುದನ್ನು ಕಂಡು ನಿಮಗೇ ಆಶ್ಚರ್ಯವಾಗುತ್ತದೆ.

ವಿದ್ಯುತ್ತಿನ ಎಚ್ಚರ

ಮುಂದಿನ ದೀಪಗಳನ್ನು ಪ್ರಖರ ಮಾಡುವುದು ಇನ್ನೊಂದು ಸಾಮಾನ್ಯ ಮಾರ್ಪಾಟು. ೧೨ ವೋಲ್ಟಿನಲ್ಲಿ ೫೫ ವಾಟಿನ ದೀಪ ಎಳೆಯುವ ವಿದ್ಯುತ್ತು ಸುಮಾರು ೪.೬ ಆಂಪಿಯರು. ೧೦೦ ವಾಟಿನದಾದರೆ ೮.೩ ಆಂಪಿಯರು. ತಂತಿಯಲ್ಲಿ ಹುಟ್ಟುವ ಶಾಖ ವಿದ್ಯುತ್ತಿನ ವರ್ಗಕ್ಕೆ ಅನುಗುಣವಾದ್ದರಿಂದ ಅದು ಮೂರು ಪಾಲಿಗಿಂತಲೂ ಹೆಚ್ಚಾಗುತ್ತದೆ. ೫೫ ವಾಟಿಗೆಂದು ಎಳೆದ, ಇಪ್ಪತ್ತು ವರ್ಷ ಮಣ್ಣು ನೀರು ಕಂಡ ತಂತಿ ಇದನ್ನು ತಾಳೀತೆ? ಹೊದಿಕೆ ಕರಗಿ, ತಂತಿಗಳು ಒಂದನ್ನೊಂದು ಮುಟ್ಟಿ, ಪಕ್ಕದಲ್ಲೇ ಪೆಟ್ರೋಲಿನ ನಳಿಕೆಯಿದ್ದರೆ ಮುಂದಿನ ಕಥೆಯನ್ನು ಊಹಿಸಿಕೊಳ್ಳಬಹುದು. ಎದುರಿನಿಂದ ಬರುವವರ ಕಣ್ಣು ಕೋರೈಸುವ ದೀಪ ಕಾನೂನಿಗೂ ವಿರುದ್ಧ, ಸೌಜನ್ಯಕ್ಕೂ ವಿರುದ್ಧ.

ಇದರ ಬದಲು ಹೀಗೆ ಮಾಡಿ. ಮಂಕಾದ ಪ್ರತಿಫಲಕವನ್ನು ಬದಲಾಯಿಸಿ. ದೀಪದ ಬುಡದಲ್ಲಿ ಹಸುರು ಹಿಡಿದ ಕೂಡುಭಾಗಗಳನ್ನು ತಿಕ್ಕಿ ಶುದ್ಧಮಾಡಿ. ಕಾರಿನ ಮೈಗೆ ಕೂಡುವ ಭೂಮಿತಂತಿಯನ್ನು ಬಿಗಿಮಾಡಿ. ಮೂಲದ ದೀಪವೇ ಎಷ್ಟು ಚೆನ್ನಾಗಿ ಬೆಳಗುತ್ತದೆಂಬುದು ಆಗ ತಿಳಿಯುತ್ತದೆ. ಹೊಸದಾಗಿ ಯಾವ ತಂತಿಯನ್ನು ಎಳೆದರೂ ಬ್ಯಾಟರಿಯ ಹತ್ತಿರದಲ್ಲೇ ಅದಕ್ಕೆ ತಕ್ಕ ಫ್ಯೂಸನ್ನು ಇಡಬೇಕು. ಫ್ಯೂಸು ಸುಟ್ಟರೆ ಕಾರಣವನ್ನು ಹುಡುಕಬೇಕು. ಅದರ ಜಾಗದಲ್ಲಿ ದಪ್ಪನೆಯ ತಂತಿಯನ್ನು ಸಿಕ್ಕಿಸುವವನು ಕಾವಲುಗಾರನನ್ನು ಕೊಂದು ಬಾಗಿಲು ತೆರೆದಿಟ್ಟಂತೆ.

ಇಂಜಿನಿನ ಸರದಿ

ಎಲ್ಲರೂ ಮೊದಲು ಯೋಚಿಸುವ ಇಂಜಿನನ್ನು ನಾವು ಕೊನೆಗೆ ಇಟ್ಟಿರುವುದು ಬೇಕೆಂದೇ. ನಿಲ್ಲಲಾರದ ಕಾರಿಗೆ ಹೆಚ್ಚು ಓಡುವ ಶಕ್ತಿಯನ್ನು ಕೊಡುವುದು ವಿವೇಕವಲ್ಲ.

ಸೈಲೆನ್ಸರನ್ನು ತೆಗೆದು ಬರಿಯ ಕೊಳವೆಯನ್ನು ಹಾಕಿದರೆ ಶಕ್ತಿ ಹೆಚ್ಚುತ್ತದೆಂಬುದು ಹರಡಿರುವ ನಂಬಿಕೆ. ಹೆಚ್ಚುವುದು ಸದ್ದು. ಇಂಜಿನಿನ ಶಕ್ತಿ ಅದು ಒಳಗೆ ಎಳೆದುಕೊಳ್ಳುವ ಗಾಳಿಯ ಮೊತ್ತದಿಂದ ನಿರ್ಧಾರವಾಗುತ್ತದೆ. ಒಂದು ಕಿಲೋಗ್ರಾಂ ಪೆಟ್ರೋಲು ಪೂರ್ತಿಯಾಗಿ ಉರಿಯಲು ೧೪.೭ ಕಿಲೋಗ್ರಾಂ ಗಾಳಿ ಬೇಕು. ಪುಟ್ಟ ಇಂಜಿನಿನ ಒಳದಾರಿ, ಕವಾಟಗಳು, ಹೊರದಾರಿ ಇವೆಲ್ಲವೂ ಒಂದಕ್ಕೊಂದು ಹೊಂದುವಂತೆ ರಚಿಸಲ್ಪಟ್ಟಿವೆ. ಒಂದನ್ನು ಮಾತ್ರ ಬದಲಾಯಿಸಿದರೆ ಹೊಂದಾಣಿಕೆ ಕೆಡುತ್ತದೆಯೇ ಹೊರತು ಗಾಳಿ ಹೆಚ್ಚು ಬರುವುದಿಲ್ಲ. ಇನ್ನು ಸದ್ದಿನ ಮಿತಿಯನ್ನು ಮೀರಿದ್ದಕ್ಕೆ ದಂಡವೂ ಉಂಟು.

ನಿಜವಾಗಿ ಕಳೆದುಹೋದ ಶಕ್ತಿಯನ್ನು ಮರಳಿ ಪಡೆಯುವ ದಾರಿ ಬೇರೆ. ಮೊದಲು ಮೂರು ಸಿಲಿಂಡರುಗಳ ಒತ್ತಡವನ್ನೂ ಮಾಪಕದಿಂದ ಅಳೆಸಿ ನೋಡಬೇಕು. ಮೂರೂ ಹೆಚ್ಚುಕಡಮೆ ಸಮನಾಗಿದ್ದು ತಯಾರಕರು ಹೇಳಿದ ಮಟ್ಟದಲ್ಲಿದ್ದರೆ ಇಂಜಿನಿನ ಒಡಲು ಚೆನ್ನಾಗಿದೆ. ಒಂದರಲ್ಲಿ ಕಡಮೆಯಿದ್ದರೆ ಆ ಸಿಲಿಂಡರಿನ ಗೋಡೆಗೆ ಸ್ವಲ್ಪ ಎಣ್ಣೆ ಬಿಟ್ಟು ಮತ್ತೆ ಅಳೆಯಬೇಕು. ಒತ್ತಡ ಏರಿದರೆ ದೋಷ ಪಿಸ್ಟನಿನ ಬಳೆಗಳಲ್ಲಿ. ಏರದಿದ್ದರೆ ಕವಾಟದಲ್ಲಿ ಅಥವಾ ಗ್ಯಾಸ್ಕೆಟಿನಲ್ಲಿ. ಏಕೆಂದರೆ ಎಣ್ಣೆ ಬಳೆಗಳ ಸಂದನ್ನು ಕ್ಷಣಕಾಲ ಮುಚ್ಚಬಲ್ಲದು, ಕವಾಟದ ಸಂದನ್ನು ಮುಚ್ಚಲಾರದು. ಇಂಥ ಒಂದು ಪರೀಕ್ಷೆ ನೂರು ಊಹೆಗಳಿಗೆ ಸಮ. ಆಮೇಲೆ ಗಾಳಿಯ ಜಾಲರಿ, ಕಿಡಿಗೊಳವೆಗಳು, ಕವಾಟದ ಎಡೆ, ಕಿಡಿ ಹಾರುವ ಕಾಲ, ನೀರು ತಂಪಾಗಿಸುವ ರೇಡಿಯೇಟರು—ಇವನ್ನು ಒಂದೊಂದಾಗಿ ಸರಿಪಡಿಸುತ್ತ ಬಂದರೆ ಮುದಿ ಇಂಜಿನು ಚೇತರಿಸಿಕೊಳ್ಳುತ್ತದೆ.

ಹಳೆಯ ಕಾರಿಗೆ ಈಗ ಒಂದು ಹೊಸ ಸಮಸ್ಯೆಯೂ ಇದೆ. ೨೦೨೫ರ ವೇಳೆಗೆ ನಮ್ಮ ದೇಶದ ಪೆಟ್ರೋಲಿನಲ್ಲಿ ಎಥನಾಲಿನ ಪಾಲು ಶೇಕಡಾ ೨೦ನ್ನು ಮುಟ್ಟಿತು. ಎಥನಾಲಿನ ಒಂದು ಕಿಲೋಗ್ರಾಮಿಗೆ ೯ ಕಿಲೋಗ್ರಾಂ ಗಾಳಿ ಸಾಕು. ಬರಿಯ ಪೆಟ್ರೋಲಿಗೆಂದು ಹೊಂದಿಸಿದ ಹಳೆಯ ಕಾರ್ಬ್ಯುರೇಟರಿನಲ್ಲಿ ಇದರಿಂದ ಮಿಶ್ರಣ ತೆಳುವಾಗುತ್ತದೆ. ಬೆಳಗಿನ ಹೊತ್ತು ಇಂಜಿನು ಸುಲಭವಾಗಿ ಹೊತ್ತಿಕೊಳ್ಳದೆ ಇರಬಹುದು. ಅದಕ್ಕಿಂತ ಮುಖ್ಯವಾದುದು, ಎಥನಾಲು ಹಳೆಯ ಬಗೆಯ ರಬ್ಬರನ್ನು ಉಬ್ಬಿಸಿ ಬಿರಿಯಿಸುತ್ತದೆ, ನೀರನ್ನೂ ಹೀರಿಕೊಳ್ಳುತ್ತದೆ. ಆದ್ದರಿಂದ ಇಂಧನದ ರಬ್ಬರು ನಳಿಕೆಗಳನ್ನೆಲ್ಲ ಎಥನಾಲನ್ನು ತಾಳುವ ಹೊಸ ನಳಿಕೆಗಳಿಂದ ಬದಲಾಯಿಸುವುದು ಅವಶ್ಯ. ಇಂಜಿನಿನ ಭಾಗಕ್ಕೆಂದು ಇಟ್ಟ ಹಣದಲ್ಲಿ ಮೊದಲ ಪಾಲು ಇದಕ್ಕೇ ಸಲ್ಲಬೇಕು.

ಕೆಲಸ ಮಾಡುವ ಕ್ರಮ

ಇಷ್ಟು ಹೇಳಿದ ಮೇಲೆ ಕೆಲಸ ಮಾಡುವವನ ಮೈಗಾವಲಿನ ಬಗ್ಗೆ ನಾಲ್ಕು ಮಾತು ಹೇಳದಿರಲಾಗದು.

ಜ್ಯಾಕೆಂಬುದು ಕಾರನ್ನು ಎತ್ತುವ ಸಾಧನ, ಹೊರುವ ಸಾಧನವಲ್ಲ. ಎತ್ತಿದ ಮೇಲೆ ಕಬ್ಬಿಣದ ನಿಲುಗಂಬಗಳನ್ನು ಗಟ್ಟಿಯಾದ ಸಮನೆಲದ ಮೇಲೆ ಕೊಟ್ಟು, ನೆಲದಲ್ಲಿರುವ ಗಾಲಿಗಳಿಗೆ ಹಿಂದೆಯೂ ಮುಂದೆಯೂ ಅಡ್ಡ ಕೊಟ್ಟು, ಕಾರನ್ನು ಒಮ್ಮೆ ಅಲುಗಾಡಿಸಿ ನೋಡಿ, ಅನಂತರವೇ ಕೆಳಗೆ ಹೋಗಬೇಕು. ಇಟ್ಟಿಗೆಗಳನ್ನು ನಂಬಬಾರದು, ಒಂದು ಮೂಲೆಗೆ ಭಾರ ಬಿದ್ದರೆ ಇಟ್ಟಿಗೆ ಮುನ್ಸೂಚನೆ ಕೊಡದೆ ಒಡೆಯುತ್ತದೆ. ಇದೊಂದು ನಿಯಮವನ್ನು ಮೀರುವುದಾದರೆ ಕಾರಿನ ಹವ್ಯಾಸವನ್ನೇ ಬಿಡುವುದು ಲೇಸು.

ಮುಚ್ಚಿದ ಕೊಟ್ಟಿಗೆಯಲ್ಲಿ ಇಂಜಿನನ್ನು ಓಡಿಸಕೂಡದು. ಹೊಗೆಯಲ್ಲಿರುವ ಇಂಗಾಲದ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತದ ಹೀಮೋಗ್ಲೋಬಿನನ್ನು ಆಮ್ಲಜನಕಕ್ಕಿಂತ ಇನ್ನೂರು ಪಾಲಿಗೂ ಮಿಕ್ಕಿದ ಒಲವಿನಿಂದ ಹಿಡಿದುಕೊಳ್ಳುತ್ತದೆ. ತಂತಿಗಳನ್ನು ಮುಟ್ಟುವ ಮೊದಲು ಬ್ಯಾಟರಿಯ ಋಣಾಗ್ರವನ್ನು ಬಿಚ್ಚಬೇಕು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಅದು ನೆಲದ ಮೇಲೆ ಹರಿದು ದೂರದ ಕಿಡಿಯನ್ನೂ ಹುಡುಕಿಕೊಂಡು ಹೋಗುತ್ತದೆ.

ನಟ್ಟುಗಳನ್ನು ಬಿಗಿಯುವಾಗ ಬಲವೇ ಗುಣವಲ್ಲ. ಕಾಲು ಮೀಟರಿನ ಪಾನೆಗೆ ಒಂದು ಮೀಟರಿನ ಕೊಳವೆ ಸಿಕ್ಕಿಸಿದರೆ ತಿರುಚುಬಲ ನಾಲ್ಕರಷ್ಟಾಗುತ್ತದೆ. ಬೋಲ್ಟು ಎಳೆದುಹೋಗಿ ಮರುದಿನ ರಸ್ತೆಯಲ್ಲಿ ಮುರಿಯುತ್ತದೆ. ತಿರುಚುಬಲವನ್ನು ಅಳೆಯುವ ಪಾನೆಯನ್ನು ಎರವಲಾಗಿಯಾದರೂ ತಂದು, ಕೈಪಿಡಿಯಲ್ಲಿ ಹೇಳಿದ ಅಂಕೆಗೆ, ಎದುರುಬದುರಾದ ನಟ್ಟುಗಳನ್ನು ಅನುಕ್ರಮವಾಗಿ ಬಿಗಿಯಬೇಕು. ಐವತ್ತು ಕಿಲೋಮೀಟರು ಓಡಿದ ಮೇಲೆ ಗಾಲಿಯ ನಟ್ಟುಗಳನ್ನು ಮತ್ತೊಮ್ಮೆ ನೋಡಬೇಕು.

ಕೊನೆಯದಾಗಿ, ಒಂದು ನೋಟುಪುಸ್ತಕವನ್ನು ಇಡಿ. ಯಾವ ದಿನ ಯಾವ ಭಾಗವನ್ನು ಬಿಚ್ಚಿದಿರಿ, ಅದರ ಬೆಲೆಯೆಷ್ಟು, ಮೊದಲು ಹೇಗಿತ್ತು, ಆಮೇಲೆ ಹೇಗಾಯಿತು ಎಂಬುದನ್ನು ಬರೆಯಿರಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಫಲವನ್ನು ನೋಡಿ, ಅನಂತರ ಮುಂದಿನದಕ್ಕೆ ಕೈಹಾಕಿ. ಮೂರನ್ನು ಒಟ್ಟಿಗೆ ಬದಲಾಯಿಸಿದವನಿಗೆ ಯಾವುದರಿಂದ ಗುಣವಾಯಿತು, ಯಾವುದರಿಂದ ಕೆಟ್ಟಿತು ಎಂಬುದು ಎಂದೆಂದಿಗೂ ತಿಳಿಯದು. ವಿಜ್ಞಾನದ ಪ್ರಯೋಗಕ್ಕೂ ಕಾರಿನ ರಿಪೇರಿಗೂ ನಿಯಮ ಒಂದೇ.

ಬಟವಾಡಿಯಂಥ ಸ್ಥಳಗಳಲ್ಲಿ ಕೈಗೆ ಗ್ರೀಸು ಮೆತ್ತಿಕೊಂಡು ಬೆಳಗಿನಿಂದ ಸಂಜೆಯವರೆಗೆ ದುಡಿಯುವ ಕುಶಲಿಗಳಿದ್ದಾರೆ. ಅವರಲ್ಲಿ ಬಹುಮಂದಿ ಕಾಲೇಜಿನ ಮೆಟ್ಟಿಲನ್ನು ಹತ್ತಿದವರಲ್ಲ. ಆದರೆ ಇಂಜಿನಿನ ಸದ್ದನ್ನು ಕೇಳಿಯೇ ಯಾವ ಕವಾಟ ಸಡಿಲವಾಗಿದೆಯೆಂದು ಅವರು ಹೇಳಬಲ್ಲರು. ರಜೆಯ ದಿನಗಳಲ್ಲಿ ಅಂಥವರೊಬ್ಬರ ಬಳಿ ನಿಂತು ಪಾನೆ ಎತ್ತಿಕೊಡುವ ಕೆಲಸದಿಂದ ಮೊದಲುಮಾಡಿ. ಅವರು ಹೇಗೆಂಬುದನ್ನು ಕಲಿಸುತ್ತಾರೆ. ಏಕೆಂಬುದನ್ನು ನಿಮ್ಮ ಪಠ್ಯಪುಸ್ತಕ ಹೇಳುತ್ತದೆ. ಈ ಎರಡೂ ಕೂಡಿದಾಗ ಹಳೆಯ ಕಾರಿಗೆ ಜೀವ ಬರುತ್ತದೆ. ಬಣ್ಣವನ್ನು ಕೊನೆಯಲ್ಲಿ, ಹಣ ಉಳಿದರೆ, ಬಳಿಯಿರಿ. ದೇವರಾಯನದುರ್ಗದ ಇಳಿಜಾರಿನಲ್ಲಿ ಪೆಡಲು ಗಟ್ಟಿಯಾಗಿ ನಿಂತಾಗ, ಕಾರು ಯಾವ ಬಣ್ಣದ್ದೆಂದು ಯಾರೂ ಕೇಳುವುದಿಲ್ಲ.